ಮುಂಬೈಯಿಂದ ಕೊಚ್ಚಿಗೆ ಏಳು ದಿನ: ಸಣ್ಣ ಹಾಯಿದೋಣಿಯಲ್ಲಿ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ನಾಲ್ಕನೇ ರಾತ್ರಿ. ಕಾರವಾರದಿಂದ ಪಡುವಣಕ್ಕೆ ಸುಮಾರು 20 ಮೈಲಿ ದೂರ. ಒಂದು ಹಡಗಿನ ಕೆಂಪು ದೀಪ, ಹಸಿರು ದೀಪ ಎರಡನ್ನೂ ನಾನು ಒಟ್ಟಿಗೇ ನೋಡುತ್ತಾ ಕೂತಿದ್ದೆ. ಎರಡೂ ಒಟ್ಟಿಗೆ ಕಂಡರೆ ಹಡಗು ನೇರ ನಮ್ಮ ಕಡೆಗೇ ಬರುತ್ತಿದೆ ಎಂದರ್ಥ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೆ ಆ ಹೊತ್ತಿನಲ್ಲಿ ತಲೆಗೆ ಹತ್ತಲಿಲ್ಲ. ಮೂರು ದಿನದಲ್ಲಿ ನಾನು ಒಟ್ಟು ಎಂಟು ಗಂಟೆಯೂ ಮಲಗಿರಲಿಲ್ಲ. ನೀರು ಕುಡಿಯಲು ಎದ್ದ ಗೆಳೆಯ ಅದನ್ನು ನೋಡಿ ದೋಣಿಯನ್ನು ಬಲಕ್ಕೆ ತಿರುಗಿಸಿದ. ಹಡಗು ನಮ್ಮ ಎಡಗಡೆಯಿಂದ ಹಾದುಹೋಯಿತು. ಅದರ ಎಂಜಿನ್ ಸದ್ದು ಎದೆಗೆ ತಾಗುವಷ್ಟು ಹತ್ತಿರ.

ಆಮೇಲೆ ಮಾಡಿದ ಪ್ರತಿ ಯಾನದಲ್ಲೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ದಿನಕ್ಕೊಮ್ಮೆ ಆರು ಗಂಟೆಯ ಒಂದೇ ಪಟ್ಟಿನ ನಿದ್ದೆ ಹೇಗೆ ಸಿಗುತ್ತದೆ? ಯಾವ ತಿಂಗಳು, ಎಷ್ಟು ಜನ, ದಡದಿಂದ ಎಷ್ಟು ದೂರ, ಯಾವಾಗ ಹಾಯಿ ಇಳಿಸಬೇಕು, ಏನು ತಿನ್ನಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಈ ಬರಹವನ್ನೂ ಹಾಗೇ ಕಟ್ಟಿದ್ದೇನೆ.

ಇದು ಹೊಸದಾಗಿ ಹಾಯಿ ಕಲಿಯುವವರಿಗಲ್ಲ. ಮುಂಬೈನಲ್ಲೋ ಗೋವಾದಲ್ಲೋ ಎರಡು ಮೂರು ಸೀಸನ್ ದೋಣಿ ನಡೆಸಿ, ಮುಂಬೈ ಎದುರು ದಡದ ಮಾಂಡ್ವಾಕ್ಕೆ ಹೋಗಿ ಬಂದು, ಕಡಲಿನಲ್ಲಿ ಕನಿಷ್ಠ ಎರಡು ರಾತ್ರಿಯಾದರೂ ಕಳೆದವರಿಗೆ. ದೋಣಿ 30ರಿಂದ 38 ಅಡಿಯದ್ದು, ಡೀಸೆಲ್ ಎಂಜಿನ್ ಇದೆ ಎಂದು ಇಟ್ಟುಕೊಂಡಿದ್ದೇನೆ. ನಮ್ಮದು 34 ಅಡಿ.

ದೂರದ ಲೆಕ್ಕ

ಇಲ್ಲಿ ಮೈಲಿ ಎಂದರೆ ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಗಂಟೆಗೆ ಒಂದು ಮೈಲಿ ಹೋದರೆ ಒಂದು ನಾಟ್. ಮುಂಬೈಯಿಂದ ಗೋವಾಕ್ಕೆ ಸುಮಾರು 225 ಮೈಲಿ, ಗೋವಾದಿಂದ ಮಂಗಳೂರಿಗೆ ಸುಮಾರು 165, ಮಂಗಳೂರಿನಿಂದ ಕೊಚ್ಚಿಗೆ ಸುಮಾರು 195. ಒಟ್ಟು 585 ಅಂತ ಹಿಡಿಯಿರಿ.

ಒಳ್ಳೆಯ ಗಾಳಿಯಲ್ಲಿ ನಮ್ಮ ದೋಣಿ 6 ನಾಟ್ ಓಡುತ್ತದೆ. ಆದರೂ ಲೆಕ್ಕ ಹಾಕುವಾಗ 4 ನಾಟ್ ಮಾತ್ರ ಹಿಡಿಯುತ್ತೇನೆ. ದಿನಕ್ಕೆ 96 ಮೈಲಿ, ಆರು ದಿನ ಮತ್ತು ಚೂರು. ಅದರ ಮೇಲೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. 6 ನಾಟ್ ಲೆಕ್ಕ ಹಾಕಿ ನಾಲ್ಕೇ ದಿನಕ್ಕೆ ಮುಗಿಸುತ್ತೇವೆಂದು ರಜೆ ಹಾಕಿದವರನ್ನು ನೋಡಿದ್ದೇನೆ. ಐದನೇ ದಿನ ಅವರಿಗೆ ಅವಸರ ಶುರುವಾಗುತ್ತದೆ. ಗಾಳಿ ಜಾಸ್ತಿಯಾದರೂ ಹಾಯಿ ಇಳಿಸುವುದಿಲ್ಲ, ರಾತ್ರಿ ಯಾರೂ ಮಲಗುವುದಿಲ್ಲ. ಕೊಚ್ಚಿಯಿಂದ ವಾಪಸ್ ಬರುವ ರೈಲಿನ ಟಿಕೆಟನ್ನು ದಯವಿಟ್ಟು ಮೊದಲೇ ತೆಗೆಸಬೇಡಿ.

ಡೀಸೆಲ್ ಲೆಕ್ಕ ಸುಲಭ. ಈ ಗಾತ್ರದ ಎಂಜಿನ್ ನಿಧಾನವಾಗಿ ಓಡಿದರೆ ಗಂಟೆಗೆ 2ರಿಂದ 2.5 ಲೀಟರ್ ಕುಡಿಯುತ್ತದೆ. 100 ಲೀಟರ್ ಇದ್ದರೆ 40 ಗಂಟೆ, ಅಂದರೆ ಗಾಳಿಯೇ ಇಲ್ಲದಿದ್ದರೂ 200 ಮೈಲಿ ಸಾಗಬಹುದು. ಅಷ್ಟು ಸಾಕು.

ಯಾವಾಗ ಹೊರಡಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಆ ಮಾತೇ ಬೇಡ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ಮಳೆಗಾಲದ ಹಿಂದೆ ಮುಂದೆ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಗುಂಟವೇ ಮೇಲೆ ಹೋಯಿತು. 2017ರ ಓಖಿ ಬಂದಿದ್ದು ನವೆಂಬರ್ ಕೊನೆಯಲ್ಲಿ. ಹಾಗಾಗಿ ಉಳಿಯುವುದು ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ.

ಅದರಲ್ಲೂ ನನ್ನ ಆಯ್ಕೆ ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗೆ. ಕಾರಣ ಇದೆ. ಚಳಿಗಾಲದಲ್ಲಿ ಪಶ್ಚಿಮ ಕರಾವಳಿಗುಂಟ ನೀರು ಉತ್ತರದ ಕಡೆಗೆ ಹರಿಯುತ್ತದೆ. ನಾವು ದಕ್ಷಿಣಕ್ಕೆ ಹೋಗುವವರು, ಇಡೀ ದಿನ ಆ ಸೆಳೆತ ನಮಗೆ ಎದುರು. ಚಳಿಗಾಲ ಮುಗಿಯುತ್ತಾ ಬಂದಂತೆ ಅದು ಸಡಿಲವಾಗುತ್ತದೆ. ಗಾಳಿಯಂತೂ ನಮ್ಮ ಪರವಾಗಿಯೇ ಇರುತ್ತದೆ. ಬೆಳಗ್ಗೆ ದಡದಿಂದ ತಣ್ಣಗಿನ ಮೂಡಣ ಗಾಳಿ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತು, ವಾಯವ್ಯದಿಂದ ಕಡಲ ಗಾಳಿ ಎದ್ದು ಸಂಜೆವರೆಗೆ ಬೆನ್ನಿಗೆ ತಳ್ಳುತ್ತದೆ.

ಹೊರಡುವ ದಿನವನ್ನು ಹುಣ್ಣಿಮೆಗೆ ನಾಲ್ಕು ದಿನ ಮೊದಲು ಇಟ್ಟುಕೊಳ್ಳಿ. ಮೊದಲ ರಾತ್ರಿಗಳಲ್ಲಿ ಕತ್ತಲಾಗುವಾಗಲೇ ಚಂದ್ರ ಮೇಲಿರುತ್ತಾನೆ, ಹುಣ್ಣಿಮೆ ಕಳೆದ ಮೇಲೂ ತುಂಬಾ ತಡವಾಗುವ ಮೊದಲೇ ಹುಟ್ಟುತ್ತಾನೆ. ಬೆಳದಿಂಗಳಲ್ಲಿ ಬಲೆಯ ತೇಲುಗಳು ಕಾಣಿಸುತ್ತವೆ, ಒಬ್ಬನೇ ಪಾಳಿ ಕೂರುವವನಿಗೆ ಧೈರ್ಯ ಇರುತ್ತದೆ. ಅವನಿಗೆ ಧೈರ್ಯ ಇದ್ದರೆ ಒಳಗೆ ಮಲಗಿದವರನ್ನು ಸುಮ್ನೆ ಎಬ್ಬಿಸುವುದಿಲ್ಲ.

ಹೊರಡುವ ಮೊದಲಿನ ಐದು ದಿನ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆಯನ್ನೂ ದಿನಾ ನೋಡಿ. ಗಾಳಿ 20 ನಾಟ್ ದಾಟುತ್ತದೆ ಎಂದರೆ ಎರಡು ದಿನ ಕಾಯಿರಿ.

ಎಷ್ಟು ಜನ, ಯಾರು

ಮೂವರು. ಇಬ್ಬರಾದರೆ ನಿದ್ದೆ ಕೊರತೆ ಮೂರನೇ ದಿನಕ್ಕೇ ಶುರು. ನನ್ನ ಮೊದಲ ಯಾನದಲ್ಲಿ ಆಗಿದ್ದು ಅದೇ. ನಾಲ್ವರಾದರೆ 34 ಅಡಿಯಲ್ಲಿ ನೀರಿಗೂ ಮಲಗುವ ಜಾಗಕ್ಕೂ ಇಕ್ಕಟ್ಟು.

ಮೂವರಲ್ಲಿ ಪ್ರತಿಯೊಬ್ಬರಿಗೂ ಒಂಟಿಯಾಗಿ ದೋಣಿ ನಡೆಸಲು ಬರಬೇಕು. ಮಲಗಿದವನಿಗೆ ಹೊರಗೆ ಕೂತವನ ಮೇಲೆ ನಂಬಿಕೆ ಇಲ್ಲದಿದ್ದರೆ ಕಣ್ಣು ಮುಚ್ಚಿದರೂ ನಿದ್ದೆ ಬರುವುದಿಲ್ಲ. ಅದಕ್ಕೇ ಜೊತೆಯವರನ್ನು ಗೋವಾದವರೆಗೆ ಒಮ್ಮೆ ಕರೆದುಕೊಂಡು ಹೋಗಿ ನೋಡಿ. ಒಂದು ವಿಷಯ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಿ: ಅನುಮಾನ ಬಂದರೆ ಎಬ್ಬಿಸು, ಎಬ್ಬಿಸಿದ್ದಕ್ಕೆ ಯಾರೂ ಮುಖ ಸಿಂಡರಿಸಬಾರದು.

ಕಾಗದ ಪತ್ರ ಮತ್ತು ದಡದ ಮನುಷ್ಯ

ದೋಣಿಯ ನೋಂದಣಿ, ವಿಮೆ, ಹಡಗು ದೋಣಿಗಳು ಪರಸ್ಪರ ಮಾತಾಡುವ ವಿಎಚ್‌ಎಫ್ ರೇಡಿಯೊದ ಲೈಸೆನ್ಸ್, ಮೂವರ ಗುರುತಿನ ಚೀಟಿ, ತುರ್ತಿಗೆ ಫೋನ್ ಮಾಡಬೇಕಾದವರ ಪಟ್ಟಿ ಎಲ್ಲವೂ ನೀರು ತಾಗದ ಒಂದೇ ಚೀಲದಲ್ಲಿರಲಿ. 2008ರ ನವೆಂಬರ್ ದಾಳಿಯವರು ಮುಂಬೈಗೆ ಬಂದಿದ್ದು ಕಡಲಿನಿಂದ. ಆಮೇಲೆ ತಪಾಸಣೆ ಬಿಗಿಯಾಗಿದೆ, ಆಗಲೇಬೇಕು. ಕೋಸ್ಟ್ ಗಾರ್ಡ್ ದೋಣಿ ಹತ್ತಿರ ಬಂದರೆ ವೇಗ ತಗ್ಗಿಸಿ, ಕೈ ಕಾಣುವಂತೆ ನಿಂತು, ಕೇಳಿದ್ದಕ್ಕೆ ಉತ್ತರ ಕೊಡಿ. ಯಾವ ಅನುಮತಿ ಬೇಕು ಎಂಬುದನ್ನು ಬಂದರು ಕಚೇರಿಯಲ್ಲಿ ಒಂದು ತಿಂಗಳು ಮೊದಲೇ ಕೇಳಿ. ಹೊರಡುವ ದಿನ, ದಾರಿ, ದೋಣಿಯ ಬಣ್ಣ, ಜನರ ಹೆಸರು ಬರೆದ ಒಂದು ಹಾಳೆಯನ್ನು ಕೋಸ್ಟ್ ಗಾರ್ಡ್‌ಗೂ ತಲುಪಿಸಿ.

ಸ್ಯಾಟಲೈಟ್ ಫೋನ್ ತರುತ್ತೇನೆ ಎಂದು ಯಾರಾದರೂ ಹೇಳಿದರೆ ತಡೆಯಿರಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಣ್ಣ ಸಾಧನಗಳಿಗೂ ಅದೇ ಮಾತು. ಗೋವಾ ವಿಮಾನ ನಿಲ್ದಾಣದಲ್ಲಿ ಇಂಥದ್ದರಿಂದ ವಿದೇಶಿ ಪ್ರವಾಸಿಗಳು ಸಿಕ್ಕಿಬಿದ್ದಿದ್ದಾರೆ.

ಅಪಾಯದಲ್ಲಿ ಕೂಗಲು ಇರುವುದು ಇಪಿರ್ಬ್ ಎಂಬ ಸಾಧನ. ನೀರಿಗೆ ಬಿದ್ದರೂ ತೇಲುತ್ತಾ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ನಮ್ಮ ಗುರುತು ಮತ್ತು ಜಾಗ ಕಳಿಸುತ್ತದೆ. ಆ ಕರೆ ಬಂದು ಸೇರುವುದು ನಮ್ಮ ಬೆಂಗಳೂರಿಗೆ. ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ ಅದನ್ನು ನೋಡಿ ಕೋಸ್ಟ್ ಗಾರ್ಡ್‌ಗೆ ತಿಳಿಸುತ್ತಾರೆ. ಆದರೆ ಸಾಧನವನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿರಬೇಕು. ನೋಂದಾಯಿಸದಿದ್ದರೆ ಅದು ಯಾರ ದೋಣಿ, ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಗೊತ್ತಾಗುವುದಿಲ್ಲ.

ಇನ್ನು ದಡದ ಮನುಷ್ಯ. ಮನೆಯವರಲ್ಲೋ ಗೆಳೆಯರಲ್ಲೋ ಗಾಬರಿ ಬೀಳದ ಒಬ್ಬರನ್ನು ಆರಿಸಿ. ಮೊಬೈಲ್ ಸಿಗ್ನಲ್ ದಡದಿಂದ ಸುಮಾರು 10 ಮೈಲಿಯಾಚೆ ನಂಬುವ ಹಾಗಿಲ್ಲ. ನಾವು ದಾರಿಯಲ್ಲಿ ಮೂರು ಕಡೆ ಬೇಕೆಂದೇ ದಡಕ್ಕೆ ಹತ್ತಿರ ಬರುತ್ತೇವೆ: ರತ್ನಾಗಿರಿ ಎದುರು, ಗೋವಾದ ಅಗ್ವಾಡ ಎದುರು, ಮಲ್ಪೆ ಎದುರು. ಆ ಮೂರೂ ಫೋನಿನ ಅಂದಾಜು ಸಮಯ ದಡದವರ ಹತ್ತಿರ ಬರೆದಿರುತ್ತದೆ. ಹೇಳಿದ ಹೊತ್ತು ಕಳೆದು 18 ಗಂಟೆಯಾದರೂ ಫೋನ್ ಬರದಿದ್ದರೆ ಅವರು ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಬೇಕು. ಇನ್ನೂ ಸ್ವಲ್ಪ ಕಾಯೋಣ ಎಂಬ ಮಾತೇ ಬೇಡ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಜನರೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟನ್ನು ನಮ್ಮ ಕರಾವಳಿ ಮರೆತಿಲ್ಲ. ಅದರ ಅವಶೇಷ ಮಾಲ್ವಣ ಕಡೆಯ ಕಡಲ ತಳದಲ್ಲಿ ಸಿಕ್ಕಿದ್ದು ಮರುವರ್ಷದ ಮೇನಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಏನೂ ತಿಳಿಯದೆ ಕಾದರು. ಎಲ್ಲಿದ್ದೇವೆ ಎಂದು ದಡಕ್ಕೆ ತಿಳಿಸುವುದು ಮನೆಯವರಿಗೆ ನಾವು ಕೊಡಬೇಕಾದ ಗೌರವ.

ದೋಣಿ

ಇಡೀ ಪಟ್ಟಿ ಕೊಡುವುದಿಲ್ಲ. ಹಾಯಿಕಂಬದ ತಂತಿಗಳು, ಎಂಜಿನ್ನಿನ ಬೆಲ್ಟು, ಫಿಲ್ಟರು, ತಳದ ನೀರು ಹೊರಹಾಕುವ ಪಂಪು, ಲೈಫ್ ಜಾಕೆಟ್, ಲೈಫ್‌ರಾಫ್ಟ್, ಫ್ಲೇರ್, ಇವನ್ನು ಯಾರೂ ಮರೆಯುವುದಿಲ್ಲ. ಮರೆಯುವ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಬೂಮ್ ಕಟ್ಟುವ ಹಗ್ಗ. ಬೂಮ್ ಎಂದರೆ ದೊಡ್ಡ (ಮೇನ್) ಹಾಯಿಯ ಅಡಿಯಂಚು ಹಿಡಿದಿರುವ ಅಡ್ಡಕೋಲು. ಈ ದಾರಿಯಲ್ಲಿ ಗಾಳಿ ಹೆಚ್ಚಾಗಿ ಹಿಂದಿನಿಂದ. ದೋಣಿ ಸ್ವಲ್ಪ ವಾಲಿ ದಿಕ್ಕು ತಪ್ಪಿದರೂ ಗಾಳಿ ಹಾಯಿಯ ಆ ಕಡೆ ಹೊಕ್ಕು ಬೂಮ್ ದಡಕ್ಕನೆ ಇನ್ನೊಂದು ಬದಿಗೆ ಹಾರುತ್ತದೆ. ತಲೆಗೆ ಬಡಿದರೆ ಮುಗಿಯಿತು. ಬೂಮಿನ ತುದಿಯಿಂದ ಗಟ್ಟಿ ಹಗ್ಗವೊಂದನ್ನು ಮುಂದಿನ ಡೆಕ್ಕಿಗೆ ಎಳೆದು, ಅಲ್ಲಿನ ರಾಟೆಯಿಂದ ಹಿಂದೆ, ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್ಟಿಗೆ ತನ್ನಿ. ಒಬ್ಬನೇ ಕೂತಲ್ಲಿಂದ ಬಿಗಿಮಾಡಲು, ಬಿಡಲು ಬರಬೇಕು.

ಎರಡನೆಯದು ಮಲಗುವ ಜಾಗದ ತಡೆಬಟ್ಟೆ. ದೋಣಿ ಹೊರಳುವಾಗ ಮಲಗಿದವ ಕೆಳಗೆ ಬೀಳದಂತೆ ಹಾಸಿಗೆಯ ಅಂಚಿಗೆ ಕಟ್ಟುವ ಕ್ಯಾನ್‌ವಾಸ್. ದರ್ಜಿಯ ಹತ್ತಿರ ಹೊಲಿಸಿಕೊಂಡರೆ ಆಯಿತು. ಇದಿಲ್ಲದೆ ಮಲಗಿದರೆ ನಿದ್ದೆಯಲ್ಲೂ ಮೈಯೆಲ್ಲ ಬಿಗಿಹಿಡಿದುಕೊಂಡೇ ಇರುತ್ತದೆ.

ಮೂರನೆಯದು ಕರೆಂಟು. ಚುಕ್ಕಾಣಿ ಹಿಡಿಯುವ ಆಟೊಪೈಲಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ರೇಡಿಯೊ, ಜಿಪಿಎಸ್, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್, ದೀಪಗಳನ್ನೂ ಸೇರಿಸಿದರೆ ದಿನಕ್ಕೆ 120 ಆಂಪಿಯರ್ ಅವರ್ ಬೇಕು. 200 ವಾಟ್‌ನ ಸೋಲಾರ್ ಹಲಗೆ ಅದರಲ್ಲಿ ಅರ್ಧ ಕೊಡುತ್ತದೆ. ಉಳಿದದ್ದಕ್ಕೆ ದಿನಕ್ಕೆ ಒಂದು ಗಂಟೆ ಎಂಜಿನ್ ಓಡಿಸಬೇಕು. ಅದನ್ನು ಸಂಜೆ ಐದಕ್ಕೆ, ಎಲ್ಲರೂ ಎದ್ದಿರುವಾಗ ಓಡಿಸಿ. ರಾತ್ರಿ ಓಡಿಸಿದರೆ ಒಳಗೆ ಸದ್ದು, ಸೆಕೆ. ಫ್ರಿಜ್ ಇದ್ದರೆ ಆರಿಸಿಬಿಡಿ.

ನಾಲ್ಕನೆಯದು ಡೆಕ್ಕಿನುದ್ದಕ್ಕೂ ಕಟ್ಟುವ ಬೆಲ್ಟು. ಕತ್ತಲಾದ ಮೇಲೆ ಮೈಗೆ ಕಟ್ಟಿಕೊಂಡ ಹಾರ್ನೆಸ್ಸನ್ನು ಅದಕ್ಕೆ ಸಿಕ್ಕಿಸದೆ ಕಾಕ್‌ಪಿಟ್ ಬಿಟ್ಟು ಯಾರೂ ಮುಂದೆ ಹೋಗುವ ಹಾಗಿಲ್ಲ. ಹೋಗಲೇಬೇಕಾದರೆ ಇನ್ನೊಬ್ಬರನ್ನು ಎಬ್ಬಿಸಿಯೇ ಹೋಗಬೇಕು. ಮೂತ್ರಕ್ಕೆಂದು ಅಂಚಿನಲ್ಲಿ ನಿಲ್ಲುವುದೂ ಬೇಡ, ಬಕೆಟ್ ಬಳಸಿ.

ನೀರು, ಊಟ

ಈ ಸೆಕೆಯಲ್ಲಿ ಕುಡಿಯಲು ಒಬ್ಬರಿಗೆ ದಿನಕ್ಕೆ 4 ಲೀಟರ್, ಅಡುಗೆಗೆ ಒಂದೂವರೆ. ಮೂವರಿಗೆ ಏಳು ದಿನಕ್ಕೆ ಸುಮಾರು 116 ಲೀಟರ್. ಅದರ ಅರ್ಧದಷ್ಟು ಇನ್ನೂ ಸೇರಿಸಿ, 175. ನಮ್ಮ ಟ್ಯಾಂಕಿನಲ್ಲಿ 120 ಹಿಡಿಸುತ್ತದೆ, ಉಳಿದದ್ದು 20 ಲೀಟರಿನ ಮೂರು ಕ್ಯಾನುಗಳಲ್ಲಿ. ಎಲ್ಲಾ ನೀರನ್ನೂ ಒಂದೇ ಕಡೆ ತುಂಬಬೇಡಿ. ಟ್ಯಾಂಕಿಗೆ ಉಪ್ಪುನೀರು ಸೇರಿದರೆ ಎಲ್ಲವೂ ಹಾಳು. ಪಾತ್ರೆ ತೊಳೆಯಲು, ಮೈ ತೊಳೆಯಲು ಕಡಲ ನೀರೇ ಇದೆ.

ಊಟದ ವಿಷಯದಲ್ಲಿ ಕನ್ನಡಿಗರು ಪುಣ್ಯವಂತರು. ಕೆಡದ, ಬೆಂಕಿ ಬೇಡದ, ಒಂದೇ ಕೈಯಲ್ಲಿ ತಿನ್ನಬಹುದಾದ ತಿನಿಸು ನಮ್ಮಲ್ಲಿ ಇರುವಷ್ಟು ಬೇರೆಲ್ಲೂ ಇಲ್ಲವೇನೋ. ನಮ್ಮ ಜೊತೆ ಬರುವ ಹುಬ್ಬಳ್ಳಿಯ ಗೆಳೆಯನ ಅಮ್ಮ ಐವತ್ತು ಕಡಕ್ ಜೋಳದ ರೊಟ್ಟಿ ಕಟ್ಟಿಕೊಡುತ್ತಾರೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರವಲ್ಲ, ತಿಂಗಳಾದರೂ ಹಾಗೇ ಇರುತ್ತದೆ. ಅದಕ್ಕೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಎಣ್ಣೆ, ಈರುಳ್ಳಿ. ಹೊಟ್ಟೆ ಸರಿಯಿಲ್ಲದವರಿಗೆ ಹುರಿಹಿಟ್ಟು ಮತ್ತು ಬೆಲ್ಲ. ಮುಂಬೈಯ ಮಾಟುಂಗದ ಅಂಗಡಿಗಳಲ್ಲಿ ಗಟ್ಟಿ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಹಪ್ಪಳ, ಮಜ್ಜಿಗೆ ಮೆಣಸು ಎಲ್ಲ ಸಿಗುತ್ತದೆ. ಹೊರಡುವ ಹಿಂದಿನ ದಿನ ಅಲ್ಲಿಗೊಂದು ಸುತ್ತು ಹಾಕುವುದು ನಮಗೆ ರೂಢಿ.

ಬಿಸಿ ಅಡುಗೆ ದಿನಕ್ಕೆ ಒಮ್ಮೆ ಮಾತ್ರ, ಸೂರ್ಯ ಮುಳುಗುವ ಮೊದಲು. ಕುಕ್ಕರಿನಲ್ಲಿ ಅನ್ನ ಬೇಳೆ ಒಟ್ಟಿಗೆ. ಮುಚ್ಚಳ ಬಿಗಿಯಾಗಿರುವುದರಿಂದ ದೋಣಿ ವಾಲಿದರೂ ಚೆಲ್ಲುವುದಿಲ್ಲ. ಆಗಲೇ ಎರಡು ಫ್ಲಾಸ್ಕ್ ತುಂಬಿಡಿ, ಒಂದರಲ್ಲಿ ಶುಂಠಿ ಕಷಾಯ, ಒಂದರಲ್ಲಿ ಬಿಸಿನೀರು. ರಾತ್ರಿ ಪಾಳಿಯವರು ಸ್ಟವ್ ಹಚ್ಚುವುದು ಬೇಡ. ಆ ಸದ್ದಿಗೆ, ವಾಸನೆಗೆ ಮಲಗಿದವರಿಗೆ ಎಚ್ಚರವಾಗುತ್ತದೆ.

ಮೊದಲ ಎರಡು ದಿನ ವಾಂತಿ ಸಾಮಾನ್ಯ, ಹಳಬರಿಗೂ ಬರುತ್ತದೆ. ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಉಪಯೋಗ ಕಮ್ಮಿ. ನಿಮ್ಮ ಡಾಕ್ಟರನ್ನು ಕೇಳಿ ಹಿಂದಿನ ರಾತ್ರಿಯೇ ಶುರುಮಾಡಿ. ಅವೊಮಿನ್‌ನಂಥ ಮಾತ್ರೆ ತೂಕಡಿಕೆ ತರುತ್ತದೆ, ಪಾಳಿಗೆ ಕೂರುವವರು ಅದನ್ನು ನೆನಪಿಟ್ಟುಕೊಳ್ಳಬೇಕು. ಹೊಟ್ಟೆ ತೊಳಸಿದವರನ್ನು ಒಳಗೆ ಕಳಿಸಬೇಡಿ. ಚುಕ್ಕಾಣಿ ಕೊಟ್ಟು ದೂರದ ಬಾನಂಚು ನೋಡಲು ಹೇಳಿ.

ಪಾಳಿ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ 12 ಗಂಟೆಯನ್ನು ಮೂರು ಮೂರು ಗಂಟೆಯ ನಾಲ್ಕು ಪಾಳಿ ಮಾಡಿ. ಮೊದಲನೆಯವ 8ರಿಂದ 11, ಎರಡನೆಯವ 11ರಿಂದ 2, ಮೂರನೆಯವ 2ರಿಂದ 5. ಕೊನೆಯ 5ರಿಂದ 8 ಮತ್ತೆ ಮೊದಲನೆಯವನದು. ಈಗ ಲೆಕ್ಕ ನೋಡಿ. ಮೊದಲನೆಯವನಿಗೆ 11ರಿಂದ 5, ಎರಡನೆಯವನಿಗೆ 2ರಿಂದ 8, ಮೂರನೆಯವನಿಗೆ 8ರಿಂದ 2. ಮೂವರಿಗೂ ಮುರಿಯದ ಆರು ಗಂಟೆ ಸಿಕ್ಕಿತು, ಅಲ್ವಾ? ಮರುದಿನ ಎರಡನೆಯವ ಮೊದಲನೆಯವನ ಜಾಗಕ್ಕೆ ಬರುತ್ತಾನೆ. ಎರಡು ಪಾಳಿಯ ಭಾರ ಹಾಗೆ ಎಲ್ಲರಿಗೂ ಸುತ್ತಿ ಬರುತ್ತದೆ.

ಹಗಲಿನಲ್ಲಿ ಇಷ್ಟು ಬಿಗಿ ಬೇಡ. ಆದರೆ ಮಧ್ಯಾಹ್ನ ಊಟವಾದ ಮೇಲೆ ಯಾರಿಗೆ ಕಣ್ಣು ಎಳೆಯುತ್ತದೋ ಅವರು ಮಲಗಲೇಬೇಕು. ಮೊದಲ ದಿನ ಹುರುಪಿನಲ್ಲಿ ಯಾರೂ ಮಲಗುವುದಿಲ್ಲ. ಪಾಳಿಯನ್ನು ಮೊದಲ ರಾತ್ರಿಯಿಂದಲೇ ಹಿಡಿಯಿರಿ, ಎರಡನೇ ರಾತ್ರಿಯಿಂದಲ್ಲ.

ಪಾಳಿಯಲ್ಲಿ ಕೂತವನ ಕೆಲಸ ಇಷ್ಟು. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಸುತ್ತಲೂ ನಿಧಾನವಾಗಿ ನೋಡಬೇಕು, ಹಾಯಿಯ ಅಡಿಯಿಂದಲೂ ಬಗ್ಗಿ ನೋಡಬೇಕು. ಹತ್ತೇ ಯಾಕೆ? ಸರಕು ಹಡಗು 18 ನಾಟ್‌ನಲ್ಲಿ ಬರುತ್ತದೆ, ನಾವು ಎದುರಿಗೆ 5ರಲ್ಲಿ ಹೋಗುತ್ತೇವೆ. 6 ಮೈಲಿ ದೂರದಲ್ಲಿ ಕಂಡ ದೀಪ ನಮ್ಮನ್ನು ಮುಟ್ಟಲು 16 ನಿಮಿಷ ಸಾಕು. ಎಐಎಸ್ ಪರದೆ ಹಡಗುಗಳನ್ನು ತೋರಿಸುತ್ತದೆ, ನಿಜ. ಆದರೆ ಮೀನಿನ ಸಣ್ಣ ದೋಣಿಗಳೆಲ್ಲ ಅದರಲ್ಲಿ ಕಾಣುವುದಿಲ್ಲ, ಕೆಲವಕ್ಕೆ ದೀಪವೂ ಇರುವುದಿಲ್ಲ. ಗಂಟೆಗೊಮ್ಮೆ ಜಾಗ, ವೇಗ, ಗಾಳಿ, ಬ್ಯಾಟರಿಯ ವೋಲ್ಟೇಜನ್ನು ಪುಸ್ತಕದಲ್ಲಿ ಬರೆಯಬೇಕು. ಕಾಗದದ ಚಾರ್ಟಿನ ಮೇಲೂ ಒಂದು ಚುಕ್ಕೆ ಇಡಬೇಕು. ಜಿಪಿಎಸ್ ಕೈಕೊಟ್ಟರೆ ಆ ಕೊನೆಯ ಚುಕ್ಕೆಯಿಂದ ದಾರಿ ಹುಡುಕಬಹುದು.

ಸೂರ್ಯ ಮುಳುಗುವ ಮೊದಲೇ ಮೇನ್ ಹಾಯಿಯನ್ನು ಒಂದು ಮಡಿಕೆ ಇಳಿಸಿ ಚಿಕ್ಕದು ಮಾಡಿಬಿಡಿ, ಗಾಳಿ ಕಮ್ಮಿ ಇದ್ದರೂ ಸರಿ. ಅರ್ಧ ನಾಟ್ ವೇಗ ಹೋಗುತ್ತದೆ, ಹೋಗಲಿ. ನಡುರಾತ್ರಿ ಗಾಳಿ ಎದ್ದಾಗ ಮೂವರೂ ಎದ್ದು ಕತ್ತಲಲ್ಲಿ ಹಾಯಿ ಜೊತೆ ಗುದ್ದಾಡುವುದು ತಪ್ಪುತ್ತದೆ.

ದಾರಿ

ಮುಂಬೈ ಬಂದರಿನಿಂದ ಇಳಿತದ ನೀರಿನ ಜೊತೆಗೇ ಹೊರಡಿ. ಇಲ್ಲಿ ಉಬ್ಬರ ಇಳಿತದ ಅಂತರ ಜಾಸ್ತಿ, ದೊಡ್ಡ ಉಬ್ಬರದ ದಿನಗಳಲ್ಲಿ 4 ಮೀಟರ್ ದಾಟುತ್ತದೆ. ನೀರು ಎದುರಾದರೆ ಗೇಟ್‌ವೇ ಕಣ್ಣಿಂದ ಮರೆಯಾಗುವಷ್ಟರಲ್ಲೇ ಅರ್ಧ ದಿನ ಹೋದೀತು. ನಸುಕಿನ ಇಳಿತ ಸಿಕ್ಕರೆ ಮೂಡಣ ಗಾಳಿಯೂ ಜೊತೆಗೆ ಬರುತ್ತದೆ. ಕೊಲಾಬಾ ತುದಿಯ ಪ್ರಾಂಗ್ಸ್ ಬಂಡೆಸಾಲು ಮತ್ತು ಅದರ ಲೈಟ್‌ಹೌಸ್ ಬಲಗಡೆಗೆ ದೂರವಿರಲಿ, ಖಾಂದೇರಿ ದ್ವೀಪ ಎಡಗಡೆಗೆ. ನಡುವೆ ದೊಡ್ಡ ಹಡಗುಗಳ ಕಾಲುವೆ. ಅದರ ಅಂಚಿನಲ್ಲೇ ಇರಿ.

ಆಮೇಲೆ ದಡದಿಂದ 20ರಿಂದ 25 ಮೈಲಿ ದೂರ ಹಿಡಿದು ದಕ್ಷಿಣಕ್ಕೆ. ದಡಕ್ಕೆ ಹತ್ತಿರವಾದರೆ ಬಲೆಗಳ ಕಾಟ, ರಾತ್ರಿಯಿಡೀ ಎಚ್ಚರವಿರಬೇಕು. ತುಂಬಾ ದೂರ ಹೋದರೆ ಹಡಗುಗಳ ದಾರಿ. ಮುಂಬೈ ಹೈ ಎಣ್ಣೆಬಾವಿಗಳು ಇನ್ನೂ ಪಡುವಣಕ್ಕಿವೆ, ಆ ಕಡೆ ಹೋಗುವ ಕೆಲಸ ನಮಗಿಲ್ಲ. ಫೋನಿಗಾಗಿ ದಡಕ್ಕೆ ಬರುವುದನ್ನು ಹಗಲಿಗೇ ಇಟ್ಟುಕೊಳ್ಳಿ. ವೆಂಗುರ್ಲಾ ಎದುರಿನ ಬಂಡೆಗಳು, ಕಾರವಾರದ ನೌಕಾನೆಲೆ ಮತ್ತು ಅಂಜುದೀವ ದ್ವೀಪ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ, ಇವುಗಳಿಂದ ದೂರ ಇರಿ.

ಗೋವಾ ಎದುರು ಬಂದಾಗ ನನಗೆ ಪ್ರತಿ ಸಲವೂ ಮನಸ್ಸು ತುಂಬುತ್ತದೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಅಲ್ಲಿ ಮಾಂಡೋವಿಯಾಗಿ ಕಡಲು ಸೇರುತ್ತಾಳೆ. ಆ ಹೊಳೆಯ ನಡುವಿನ ದಿವಾಡಿ ದ್ವೀಪದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿಗೂ ಅದೇ ಹೆಸರಿಟ್ಟರು, ಮ್ಹಾದೇಯಿ. 56 ಅಡಿಯ ಆ ದೋಣಿಯಲ್ಲಿ ದಿಲೀಪ್ ದೋಂಡೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು, ಹಾಗೆ ಸುತ್ತಿದ ಮೊದಲ ಭಾರತೀಯ. ಅಭಿಲಾಷ್ ಟಾಮಿ 2012ರ ನವೆಂಬರ್‌ನಲ್ಲಿ ಮುಂಬೈಯಿಂದ ಅದರಲ್ಲೇ ಹೊರಟು ಎಲ್ಲೂ ನಿಲ್ಲದೆ 2013ರ ಮಾರ್ಚ್ ಕೊನೆಗೆ ವಾಪಸಾದರು. ನಾವು ಹೋಗುವ ನೀರಿನಲ್ಲೇ ಅವರೂ ಹೋಗಿದ್ದು.

ಗೋವಾ ದಾಟಿದ ಮೇಲೆ ರೇಡಿಯೊದಲ್ಲಿ ನಮ್ಮ ಮಾತು ಕೇಳಿಸಲು ಶುರುವಾಗುತ್ತದೆ. ಚಾನೆಲ್ 16ರಲ್ಲಿ ಕರೆದು ಬೇರೆ ಚಾನೆಲ್ಲಿಗೆ ಹೋಗಿ ಮಾತಾಡಿ, 16 ತುರ್ತಿಗಾಗಿ ಖಾಲಿ ಇರಬೇಕು. ಒಮ್ಮೆ ಭಟ್ಕಳದ ಎದುರು ಮುಂದೆ ದೀಪಗಳ ಸಾಲೇ ಕಂಡಿತು. "ಅಣ್ಣಾ, ಹಾಯಿದೋಣಿಯವರು ನಾವು. ಬಲೆ ಎಲ್ಲಿದೆ?" ಎಂದು ಕೇಳಿದೆ. ಮಲ್ಪೆ ಕಡೆಯ ತಾಂಡೇಲರೊಬ್ಬರು (ಮೀನಿನ ಬೋಟ್ ನಡೆಸುವವರು) ತಕ್ಷಣ ಉತ್ತರ ಕೊಟ್ಟರು: "ನಿಮ್ಮ ಎಡಕ್ಕೆಲ್ಲಾ ಬಲೆ ಉಂಟು ಮಾರಾಯ್ರೆ. ಒಂದೆರಡು ಮೈಲಿ ಪಡುವಿಗೆ ತೆಗೊಳ್ಳಿ, ಮತ್ತೆ ತೆಂಕಿಗೆ ಹೋಗ್ಲಿಕ್ಕಾಗ್ತದೆ." ಅವರು ಹೇಳಿದ ಹಾಗೇ ಹೋದೆವು. ಕೇಳಲು ಸಂಕೋಚ ಬೇಡ. ಬಲೆ ಹರಿದರೆ ಅವರ ಹೊಟ್ಟೆಪಾಡು ಹರಿದಂತೆ. ಬಲೆ ಹಾಕಿರುವ ದೋಣಿಗೆ ನಾವೇ ದಾರಿ ಬಿಡಬೇಕು, ನಿಯಮವೂ ಅದೇ.

ಮಂಗಳೂರು ದಾಟಿದ ಮೇಲೆ ಕೇರಳದ ಎದುರು ಗಾಳಿ ಮೆತ್ತಗಾಗುತ್ತದೆ, ಎಂಜಿನ್ ಗಂಟೆ ಜಾಸ್ತಿ. ಪೊನ್ನಾನಿಯ ಎದುರು ಮಾತ್ರ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಮೂಡಣ ಗಾಳಿ ಇದ್ದಕ್ಕಿದ್ದಂತೆ ಎದ್ದೀತು.

ದಕ್ಷಿಣಕ್ಕೆ ಹೋದಷ್ಟೂ ಧ್ರುವ ನಕ್ಷತ್ರ ಕೆಳಗಿಳಿಯುತ್ತದೆ. ಮುಂಬೈನಲ್ಲಿ ಬಾನಂಚಿನಿಂದ ಸುಮಾರು 19 ಡಿಗ್ರಿ, ಕೊಚ್ಚಿಯಲ್ಲಿ 10. ಕೈ ಚಾಚಿ ಹಿಡಿದ ಮುಷ್ಟಿ ಒಂದು ಸುಮಾರು 10 ಡಿಗ್ರಿ. ಎರಡು ಮುಷ್ಟಿ ಎತ್ತರದಲ್ಲಿದ್ದ ನಕ್ಷತ್ರ ವಾರದ ಕೊನೆಗೆ ಒಂದು ಮುಷ್ಟಿಗೆ ಇಳಿದಿರುತ್ತದೆ. ಈ ಕಡಲಿನ ಹಳೆಯ ನಾವಿಕರು ಒಂದು ಮರದ ಚೂರು, ಗಂಟು ಹಾಕಿದ ದಾರ ಹಿಡಿದು ಇದೇ ಅಳತೆಯಿಂದ ಊರು ಸೇರುತ್ತಿದ್ದರು. ಪಾಳಿಯಲ್ಲಿ ದಿನಾ ಒಮ್ಮೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಎಚ್ಚರವಿರಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಸಿಕ್ಕಿಲ್ಲ.

ತೊಂದರೆ ಬಂದಾಗ

ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡರೆ ಆ ಕ್ಷಣವೇ ನ್ಯೂಟ್ರಲ್, ಎಂಜಿನ್ ಬಂದ್. ಹಾಯಿಯಲ್ಲೇ ಹೋಗಿ. ಬೆಳಕಾದ ಮೇಲೆ, ಅಲೆ ಸಣ್ಣದಿದ್ದರೆ, ಎಲ್ಲಾ ಹಾಯಿ ಇಳಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯಬಹುದು. ಇಬ್ಬರೂ ಮೇಲಿದ್ದು ಅವನನ್ನೇ ನೋಡುತ್ತಿರಬೇಕು. ರಾತ್ರಿ ಇಳಿಯಲೇಬಾರದು.

ಯಾರಾದರೂ ನೀರಿಗೆ ಬಿದ್ದರೆ ನೋಡಿದವ ಕೂಗಿ, ಬಿದ್ದ ಜಾಗ ಗುರುತಿಸುವ ಜಿಪಿಎಸ್‌ನ ಗುಂಡಿ ಒತ್ತಿ, ತೇಲುವ ರಿಂಗ್ ಎಸೆಯಬೇಕು. ಒಬ್ಬ ಬಿದ್ದವನತ್ತಲೇ ಬೆರಳು ತೋರಿಸುತ್ತಾ ಕಣ್ಣು ಕದಲಿಸದೆ ನಿಲ್ಲಬೇಕು. ಹೊರಡುವ ಮೊದಲು ಮುಂಬೈ ಬಂದರಿನಲ್ಲೇ ಸಿಪ್ಪೆ ಸಹಿತ ತೆಂಗಿನಕಾಯಿ ಎಸೆದು ಹತ್ತು ಸಲ ಎತ್ತಿ ಅಭ್ಯಾಸ ಮಾಡಿ. ಅದು ತೇಲುವುದು ಮನುಷ್ಯನ ತಲೆಯಷ್ಟೇ ಕಾಣುತ್ತದೆ. ಎರಡು ಅಲೆಯಾಚೆ ಹೋದರೆ ಎಷ್ಟು ಬೇಗ ಮರೆಯಾಗುತ್ತದೆ ಎಂಬುದು ಆಗ ಕಣ್ಣಾರೆ ಗೊತ್ತಾಗುತ್ತದೆ.

ಎಲ್ಲರೂ ದಣಿದಾಗ ಏನು ಮಾಡಬೇಕು? ದೋಣಿಯನ್ನು ನಿಲ್ಲಿಸಬಹುದು, ನಡುಗಡಲಿನಲ್ಲೇ. ಮುಂದಿನ ಹಾಯಿಯ ಹಗ್ಗ ಬಿಡದೆ ದೋಣಿಯ ಮೂತಿಯನ್ನು ಗಾಳಿಯಾಚೆ ತಿರುಗಿಸಿ. ಮುಂದಿನ ಹಾಯಿ ಉಲ್ಟಾ ತುಂಬಿಕೊಳ್ಳುತ್ತದೆ. ಮೇನ್ ಹಾಯಿಯನ್ನು ಸ್ವಲ್ಪ ಸಡಿಲಿಸಿ, ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಕಡೆಗೆ ಕಟ್ಟಿ. ಒಂದು ಹಾಯಿ ಹಿಂದೆ ತಳ್ಳುತ್ತದೆ, ಇನ್ನೊಂದು ಮುಂದೆ. ದೋಣಿ ಮೆಲ್ಲಗೆ ತೇಲುತ್ತಾ ಶಾಂತವಾಗುತ್ತದೆ. ಆ ಬದಲಾವಣೆ ನಂಬಲು ಆಗದಷ್ಟು. ಒಬ್ಬ ಕಾವಲು ಕೂತರೆ ಇಬ್ಬರು ಆರು ಗಂಟೆ ಮಲಗಬಹುದು. ಅದಾದರೂ ಸಾಲದಿದ್ದರೆ ದಾರಿಯಲ್ಲಿ ಜೈಗಡ, ಗೋವಾ, ಕಾರವಾರ, ಮಲ್ಪೆ, ಮಂಗಳೂರು ಇವೆ. ಅಳಿವೆಗಳ ಬಾಯಲ್ಲಿ ಮರಳ ದಿಬ್ಬ ಇರುತ್ತದೆ, ಗೊತ್ತಿಲ್ಲದ ಅಳಿವೆಗೆ ಕತ್ತಲಲ್ಲಿ ನುಗ್ಗಬೇಡಿ.

ಕೊಚ್ಚಿ

ಕೊಚ್ಚಿಯ ಬಾಯಿಗೆ ಹಗಲಿನಲ್ಲೇ ಹೋಗಿ. ರಾತ್ರಿ ತಲುಪಿದರೆ ಹಡಗುಗಳ ಕಾಲುವೆಯಿಂದ ದೂರ, ಹೊರಗಡೆಯೇ ಮೇಲೆ ಹೇಳಿದಂತೆ ದೋಣಿ ನಿಲ್ಲಿಸಿ ಬೆಳಕಿಗೆ ಕಾಯಿರಿ. ಊರಿನ ದೀಪ ಕಂಡ ಮೇಲೆ ಕಾಯುವುದು ಕಷ್ಟ, ಗೊತ್ತು. ಆದರೆ ವಾರದ ದಣಿವೆಲ್ಲ ಮೈಮೇಲೆ ಇರುವುದು ಆಗಲೇ, ಕಾಲುವೆಯಲ್ಲಿ ಹಡಗುಗಳು ಸಾಲಾಗಿ ಇರುವುದೂ ಅಲ್ಲೇ.

ಬೆಳಗ್ಗೆ ಬಂದರಿನವರನ್ನು ರೇಡಿಯೊದಲ್ಲಿ ಕರೆದು ಹೇಳಿ, ಕಾಲುವೆಯ ಅಂಚು ಹಿಡಿದು ಒಳಗೆ ಬನ್ನಿ. ಬಲಗಡೆ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು, ಎಡಗಡೆ ವೈಪಿನ್. ಇನ್ನೂ ಒಳಗೆ ಬೋಲ್ಗಾಟ್ಟಿ ದ್ವೀಪದಲ್ಲಿ ನಮ್ಮಂಥ ದೋಣಿ ಕಟ್ಟಿ ನಿಲ್ಲಿಸುವ ಮರೀನಾ ಇದೆ, ಜಾಗ ಇದೆಯೇ ಎಂದು ಮುಂಬೈಯಿಂದಲೇ ವಿಚಾರಿಸಿರಬೇಕು.

ಹಗ್ಗ ಕಟ್ಟಿದ ತಕ್ಷಣ ಮೊದಲ ಫೋನ್ ದಡದ ಮನುಷ್ಯನಿಗೆ, ಎರಡನೆಯದು ಕೋಸ್ಟ್ ಗಾರ್ಡ್‌ಗೆ, ತಲುಪಿದೆವು ಎಂದು. ಮಲಗಿ ಎದ್ದು ಮಾಡೋಣ ಎಂದರೆ ಸಂಜೆವರೆಗೆ ಎಚ್ಚರವಾಗುವುದಿಲ್ಲ, ಅಷ್ಟರಲ್ಲಿ ಅಲ್ಲಿ ಹುಡುಕಾಟ ಶುರುವಾಗಿರುತ್ತದೆ.

ದೋಣಿಯನ್ನು ಮುಂಬೈಗೆ ವಾಪಸ್ ತರುವುದು ಬೇರೆಯದೇ ಕೆಲಸ. ಈಗ ಅದೇ ವಾಯವ್ಯ ಗಾಳಿ ಮುಖಕ್ಕೆ ಎದುರು. ನಾವು ಒಂದೇ ಏಟಿಗೆ ಬರುವುದಿಲ್ಲ. ನಸುಕಿನ ಮೂಡಣ ಗಾಳಿಯಲ್ಲಿ ದಡಕ್ಕೆ ಹತ್ತಿರವಾಗಿ ಹೊರಟು, ಮಧ್ಯಾಹ್ನ ಕಡಲ ಗಾಳಿ ಬಲವಾಗುವ ಮೊದಲೇ ಮುಂದಿನ ಬಂದರು ಸೇರಿ ಲಂಗರು ಹಾಕುತ್ತೇವೆ. ಬಂದರುಗಳ ನಡುವಿನ ದೂರ ಜಾಸ್ತಿ ಇರುವ ಕಡೆ ಮಾತ್ರ ರಾತ್ರಿ ಎಂಜಿನ್ನಿನಲ್ಲಿ ಸಾಗುತ್ತೇವೆ. ಅದಕ್ಕೆ ಮೂರು ವಾರ ಬೇಕು, ಮತ್ತು ಏಪ್ರಿಲ್ ಮುಗಿಯುವುದರೊಳಗೆ ಮುಂಬೈ ಸೇರಿರಬೇಕು.